ತೆರಿಗೆ ಸಲಹೆಗಾರರ ಮೇಜಿನ ಮೇಲೊಂದು ಹೋಟೆಲ್ ಬಿಲ್

ಮನೆ ತೆರಿಗೆ ಕಟ್ಟಲು ನೆರವು ಪಡೆಯಲೆಂದು ಮಂಗಳೂರಿನ ಹಂಪನಕಟ್ಟೆ ಸಮೀಪದ ತೆರಿಗೆ ಸಲಹೆಗಾರರೊಬ್ಬರಲ್ಲಿಗೆ ಹೋಗಿದ್ದೆ. ನನ್ನ ಕಿಸೆಯಲ್ಲಿದ್ದ ಹೋಟೆಲ್ ಬಿಲ್ಲನ್ನೇ ಮೇಜಿನ ಮೇಲೆ ಹರಡಿ, ಅದರಲ್ಲಿದ್ದ ಶೇ 5ರ ಜಿಎಸ್‌ಟಿಯಲ್ಲಿ ಅರ್ಧ ಕೇಂದ್ರಕ್ಕೂ ಅರ್ಧ ರಾಜ್ಯಕ್ಕೂ ಸೇರುತ್ತದೆ, ಪೆಟ್ರೋಲ್ ಮತ್ತು ಡೀಸೆಲ್ 2017ರಲ್ಲಿ ಜಿಎಸ್‌ಟಿ ಬಂದ ಬಳಿಕವೂ ರಾಜ್ಯದ ಮಾರಾಟ ತೆರಿಗೆಗೇ ಒಳಪಟ್ಟಿವೆ ಎಂದು ಅವರು ಬಿಡಿಸಿ ಹೇಳಿದ ರೀತಿ ಮೆಚ್ಚುವಂಥದ್ದು. ನೀರುದೋಸೆ ತಿಂದ ರಿಕ್ಷಾ ಚಾಲಕನಿಗೂ ವೈದ್ಯರಿಗೂ ಜಿಎಸ್‌ಟಿ ಒಂದೇ ದರವಾದ್ದರಿಂದ, ಆಸ್ತಿಯ ಮೌಲ್ಯ ನೋಡಿ ಪಾಲಿಕೆ ವಸೂಲು ಮಾಡುವ ತೆರಿಗೆಯೇ ಹೆಚ್ಚು ನ್ಯಾಯವೆಂದು ನನಗನಿಸಿತು. ಕೃಷಿ ಆದಾಯವನ್ನು ಬಿಟ್ಟರೆ ಆದಾಯ ತೆರಿಗೆ ಕೇಂದ್ರದ್ದು. ಸಂಬಳದಿಂದ ರಾಜ್ಯಕ್ಕೆ ನೇರವಾಗಿ ಸಲ್ಲುವ ವೃತ್ತಿ ತೆರಿಗೆಗೆ ವರ್ಷಕ್ಕೆ 2,500 ರೂಪಾಯಿಯ ಮಿತಿಯಿದೆ. ವಿವರಣೆ ಸೊಗಸಾಗಿತ್ತಾದರೂ ಚಲನ್ ಸಿದ್ಧವಾಗುವಷ್ಟರಲ್ಲಿ ಏಪ್ರಿಲ್ ಮುಗಿದು, ಆ ತಿಂಗಳೊಳಗೆ ಮನೆ ತೆರಿಗೆ ಕಟ್ಟಿದವರಿಗೆ ಸಿಗುವ ಶೇ 5ರ ರಿಯಾಯಿತಿ ನನ್ನ ಕೈತಪ್ಪಿತು.