ಡೈನೋಜೆಸ್ಟ್ 2 ಮಿ.ಗ್ರಾಂ: ಎರಡೂವರೆ ವರ್ಷ ನುಂಗಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್. ಮೊದಲ ನಾಲ್ಕು ತಿಂಗಳಲ್ಲಿ ಕೇಳಿದ್ದರೆ ಒಂದನ್ನೂ ಕೊಡುತ್ತಿರಲಿಲ್ಲ.

ನನಗೆ ಎಂಡೋಮೆಟ್ರಿಯೋಸಿಸ್ ಇದೆ, ಅಂದರೆ ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ರೋಗ. ಎಡ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ (ಹಳೆ ರಕ್ತ ತುಂಬಿದ ಗುಳ್ಳೆ) ಕೂಡ. ಡೈನೋಜೆಸ್ಟ್ ಈ ರೋಗಕ್ಕೆ ಕೊಡುವ ಹಾರ್ಮೋನ್ ಮಾತ್ರೆ. ಮುಟ್ಟಿಗೆ ಎರಡು ದಿನ ಮುಂಚೆಯೇ ಸೊಂಟ ಹಿಡಿದುಕೊಳ್ಳುತ್ತಿತ್ತು. ಆಮೇಲೆ ಕಿಬ್ಬೊಟ್ಟೆ ಹಿಂಡುವುದು, ವಾಂತಿ. ಒಂದು ಪ್ಯಾಡ್ ಎರಡು ಗಂಟೆಯೂ ತಡೆಯುತ್ತಿರಲಿಲ್ಲ. "ಎಲ್ಲರಿಗೂ ಆಗೋದೇ, ಸುಮ್ನೆ ಹೆದರಬೇಡ" ಅನ್ನುವ ಮಾತನ್ನು ಒಬ್ಬ ಡಾಕ್ಟರ ಬಾಯಲ್ಲೂ ಕೇಳಿದ್ದೇನೆ.

ಮೊದಲು ಸಿಕ್ಕಿದ್ದು ಈಸ್ಟ್ರೋಜನ್, ಪ್ರೊಜೆಸ್ಟಿನ್ ಎಂಬ ಎರಡೂ ಹಾರ್ಮೋನ್ ಇರುವ ಮಾಮೂಲಿ ಗರ್ಭನಿರೋಧಕ ಮಾತ್ರೆ. 21 ದಿನ ನುಂಗಬೇಕು, 7 ದಿನ ಬಿಡಬೇಕು. ರಕ್ತ ಕಡಿಮೆಯಾಯಿತು. ಆದರೆ ಬಿಟ್ಟ ಆ ಏಳು ದಿನ ನೋವು ಹಾಗೇ ಬಂತು. ಡಾಕ್ಟರನ್ನು ಕೇಳಿ, ಬಿಡುವು ಕೊಡದೆ ಸ್ಟ್ರಿಪ್ ಮೇಲೆ ಸ್ಟ್ರಿಪ್ ಮುಗಿಸಿದೆ. ಅದು ಚೆನ್ನಾಗಿಯೇ ನಡೆದಿತ್ತು, ಅಷ್ಟರಲ್ಲಿ ತಲೆನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಬೆಳಕು ಕಾಣತೊಡಗಿತು. ಹೇಳಿದ್ದೇ ತಡ, ಮಾತ್ರೆ ನಿಲ್ಲಿಸಿದರು. ಇಂಥ ಮೈಗ್ರೇನ್ ಇರುವವರಿಗೆ ಈಸ್ಟ್ರೋಜನ್ ಕೊಟ್ಟರೆ ಪಾರ್ಶ್ವವಾಯುವಿನ ಅಪಾಯ ಜಾಸ್ತಿ. ಡಬ್ಬಿಯೊಳಗಿನ ಚೀಟಿಯಲ್ಲಿ ಬರೆದೇ ಇತ್ತು. ಅಷ್ಟು ಸಣ್ಣ ಅಕ್ಷರ ಯಾರು ಓದುತ್ತಾರೆ ಹೇಳಿ?

ಹಾಗೆ ಡೈನೋಜೆಸ್ಟ್‌ಗೆ ಬಂದೆ. ಇದರಲ್ಲಿ ಪ್ರೊಜೆಸ್ಟಿನ್ ಮಾತ್ರ. ದಿನಕ್ಕೊಂದು, ಒಂದೇ ಹೊತ್ತಿಗೆ, ಬಿಡುವಿಲ್ಲದೆ. ಗರ್ಭಕೋಶದ ಒಳಪದರದಂಥದ್ದೇ ಹೊರಗೆಲ್ಲೋ ಬೆಳೆದಿರುತ್ತದಲ್ಲ, ಅದಕ್ಕೆ ಈಸ್ಟ್ರೋಜನ್ನೇ ಗೊಬ್ಬರ. ಈ ಮಾತ್ರೆ ಗೊಬ್ಬರ ಕಡಿಮೆ ಮಾಡುತ್ತದೆ, ಬೆಳೆದದ್ದು ನಿಧಾನಕ್ಕೆ ಸೊರಗುತ್ತದೆ.

ಆ "ನಿಧಾನಕ್ಕೆ" ಅನ್ನುವುದೇ ನನ್ನನ್ನು ಗೋಳಾಡಿಸಿದ್ದು. ಮೊದಲ ತಿಂಗಳು 19 ದಿನ ಸ್ಪಾಟಿಂಗ್, ಅಂದರೆ ಚೂರು ಚೂರೇ ರಕ್ತದ ಕಲೆ. ಎರಡನೇ ತಿಂಗಳು ಹೆಚ್ಚುಕಡಿಮೆ ದಿನವೂ. ಕೆಂಪಲ್ಲ, ಕಂದು ಬಣ್ಣ, ಯಾವಾಗ ಬರುತ್ತದೆ ಅಂತ ಗೊತ್ತಿಲ್ಲ. ಬ್ಯಾಗಿನಲ್ಲಿ ಸದಾ ಪ್ಯಾಡ್. ಕ್ಯಾಲೆಂಡರಿನಲ್ಲಿ ದಿನವೂ ಚುಕ್ಕಿ ಇಟ್ಟು, ಪಕ್ಕದಲ್ಲಿ ನೋವಿಗೆ ಹತ್ತಕ್ಕೆ ಎಷ್ಟು ಅಂತ ಬರೆಯುತ್ತಿದ್ದೆ. ಮೂರನೇ ತಿಂಗಳು ಬಿಟ್ಟೇಬಿಡೋಣ ಅಂತ ಕ್ಯಾಲೆಂಡರ್ ತೆಗೆದೆ. ಚುಕ್ಕಿ ಕಡಿಮೆಯಾಗಿರಲಿಲ್ಲ, ಆದರೆ 9 ಇದ್ದ ನೋವು 4ಕ್ಕೆ ಇಳಿದಿತ್ತು! ಅದಕ್ಕೇ ಉಳಿದೆ. ಐದನೇ ತಿಂಗಳಲ್ಲಿ ರಕ್ತ ಪೂರ್ತಿ ನಿಂತಿತು. ಈಗ ನೋವು 1, 2. ಸಿಸ್ಟ್ ಮಾಯವಾಗಿಲ್ಲ, ಚಿಕ್ಕದಾಗಿದೆ.

ಮೊಡವೆ ಬಂತು, ಹೋಯಿತು. ತೂಕ ಸ್ವಲ್ಪ ಏರಿತು. ನಿಜವಾಗಿ ತೊಂದರೆ ಕೊಟ್ಟಿದ್ದು ಮನಸ್ಸು. ಕೆಲವು ವಾರ ಕಾರಣವಿಲ್ಲದೆ ಅಳು. ಒಂದು ಸ್ಟಾರ್ ಕಳೆದಿದ್ದು ಅದಕ್ಕೇ. ಖಿನ್ನತೆ ಮೊದಲೇ ಇದ್ದವರು ಶುರುವಿನಲ್ಲೇ ಡಾಕ್ಟರಿಗೆ ಹೇಳಿಬಿಡಿ. ವರ್ಷಗಟ್ಟಲೆ ತೆಗೆದುಕೊಂಡರೆ ಮೂಳೆ ಸವೆಯಬಹುದು ಎಂಬ ಮಾತೂ ಇದೆ. ಹದಿಹರೆಯದವರಿಗೆ ಕೊಡುವಾಗ ಅದಕ್ಕೇ ಹುಷಾರಾಗಿರುತ್ತಾರೆ.

ಇನ್ನೊಂದು, ನನಗೆ ತಡವಾಗಿ ತಿಳಿದದ್ದು: ಹಾರ್ಮೋನ್ ಮಾತ್ರೆಯಾದರೂ ಡೈನೋಜೆಸ್ಟ್ ಒಂದನ್ನೇ ಗರ್ಭನಿರೋಧಕ ಅಂತ ನಂಬುವ ಹಾಗಿಲ್ಲ. ಕಾಂಡೋಮ್ ಬೇಕು. ಎರಡೂ ಕೆಲಸ ಒಂದರಲ್ಲೇ ಆಗಬೇಕು ಅನ್ನುವವರು ಲೆವೊನೋರ್ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ ಇರುವ ಐಯುಡಿ (ಗರ್ಭಕೋಶದೊಳಗೆ ಇಡುವ ಪುಟ್ಟ ಸಾಧನ) ಬಗ್ಗೆ ಕೇಳಿ ನೋಡಿ.

ಕಳೆದ ವರ್ಷ ಮಾತ್ರೆ ಎಲ್ಲೂ ಸಿಗದೆ ಹತ್ತು ದಿನ ತಪ್ಪಿತು. ಎಂಟನೇ ದಿನ ರಕ್ತ, ಹಿಂದೆಯೇ ಅದೇ ಹಳೆಯ ಸೊಂಟನೋವು. ರೋಗ ಎಲ್ಲಿಗೂ ಹೋಗಿರಲಿಲ್ಲ, ಮಲಗಿತ್ತು ಅಷ್ಟೇ. ಈಗ ಒಂದು ಡಬ್ಬಿ ಅರ್ಧ ಮುಗಿಯುವಾಗಲೇ ಇನ್ನೊಂದು ತಂದಿಡುತ್ತೇನೆ.