ಹಳೇ ಕಾರ್ ಜಾಹೀರಾತಿನ ದನಿ ಯಾರದು? ಕಿವಿ, ದುಡ್ಡು ಕೊಟ್ಟ ಸಾಫ್ಟ್‌ವೇರ್, ಹಳೇ ಕಾಗದ: ಮೂರನ್ನೂ ಬಳಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಹಳೇ ಕಾರ್ ಜಾಹೀರಾತಿನಲ್ಲಿ ಹಿಂದಿನಿಂದ ಮಾತಾಡಿದವರು ಯಾರು ಅಂತ ಪತ್ತೆ ಮಾಡಬೇಕಾದರೆ ನನ್ನ ಓಟು ವೈರ್ ಇರುವ ಸಾಧಾರಣ ಹೆಡ್‌ಫೋನ್‌ಗೆ ಮತ್ತು ಪುಕ್ಕಟೆ ಸಿಗುವ, ಸದ್ದು ಎಡಿಟ್ ಮಾಡುವ ಸಾಫ್ಟ್‌ವೇರ್ ಆಡಾಸಿಟಿಗೆ. ಹೆಡ್‌ಫೋನ್‌ಗೆ ಎರಡು ಸಾವಿರದ ಆಸುಪಾಸು ಕೊಟ್ಟೆ. ಅದಕ್ಕೂ ಮುಂಚೆ ದನಿ ಹೋಲಿಸಿ ಶೇಕಡಾ ಲೆಕ್ಕದಲ್ಲಿ ಅಂಕ ಕೊಡುವ ಒಂದು ಆನ್‌ಲೈನ್ ಸೇವೆಗೆ ತಿಂಗಳ ಚಂದಾ ಕಟ್ಟಿದ್ದೆ. ಹೆಚ್ಚುಕಮ್ಮಿ ಅಷ್ಟೇ ದುಡ್ಡು. ಚಂದಾ ನಿಲ್ಲಿಸಿ ಆಯ್ತು, ಹೆಡ್‌ಫೋನ್ ದಿನಾ ಬಳಕೆಯಲ್ಲಿದೆ.

ಸಿನಿಮಾದಲ್ಲಾದರೆ ಕೊನೆಗೆ ಹೆಸರುಗಳ ಪಟ್ಟಿ ಬರುತ್ತದೆ. 30 ಸೆಕೆಂಡಿನ ಜಾಹೀರಾತಿಗೆ ಆ ಭಾಗ್ಯ ಇಲ್ಲ. ಎಷ್ಟೋ ದೊಡ್ಡ ನಟರು ಮುಖ ತೋರಿಸದೆ ದನಿ ಮಾತ್ರ ಕೊಟ್ಟು ಹೋಗಿದ್ದಾರೆ. ಅವರ ಆ ಕೆಲಸ ಹೆಸರಿಲ್ಲದೆ ಉಳಿಯಬಾರದು ಅನ್ನೋದು ನನ್ನ ಆಸೆ. ಹಾಡು ಕೇಳಿಸಿದರೆ ಅದು ಯಾವುದು ಅಂತ ಹೇಳುವ ಶಜಾಮ್ ಥರದ ಆ್ಯಪ್ ಇದಕ್ಕೆ ಆಗಲ್ಲ. ಅದು ಗುರುತಿಸುವುದು ತನ್ನ ಹತ್ತಿರ ಮೊದಲೇ ಇರುವ ರೆಕಾರ್ಡಿಂಗನ್ನು ಮಾತ್ರ. ಅದೇ ಮನುಷ್ಯ ಬೇರೆ ಮಾತು ಆಡಿದರೆ ಅದಕ್ಕೆ ತಿಳಿಯುವುದಿಲ್ಲ.

ಪರೀಕ್ಷೆಗೆ ಉತ್ತರ ಗೊತ್ತಿರುವ ಜಾಹೀರಾತುಗಳನ್ನೇ ತಗೊಂಡೆ. ಯಾವ ದಾರಿ ಸರಿ ಉತ್ತರಕ್ಕೆ ತಲುಪಿಸುತ್ತದೆ ಅಂತ ಆಗಲೇ ಅಲ್ವಾ ಗೊತ್ತಾಗೋದು. ಒಂದು, ಬ್ರಿಟನ್ನಿನ ಟೀವಿಯಲ್ಲಿ 1980ರ ದಶಕದಲ್ಲಿ ಬರುತ್ತಿದ್ದ ಆಡಿ ಕಾರಿನದು. ಜಾನ್ ಹೆಗಾರ್ಟಿ ಅವರ ಬಿಬಿಎಚ್ ಜಾಹೀರಾತು ಏಜೆನ್ಸಿ ಮಾಡಿದ್ದು. ‘ಫೋರ್‌ಶ್ಪ್ರುಂಗ್ ಡುರ್ಖ್ ಟೆಕ್ನಿಕ್’ (ತಂತ್ರಜ್ಞಾನದಿಂದ ಮುನ್ನಡೆ) ಅಂತ ಜರ್ಮನ್ ಘೋಷವಾಕ್ಯ ಹೇಳಿ, ಹಿಂದೆಯೇ ‘ಆ್ಯಸ್ ದೇ ಸೇ ಇನ್ ಜರ್ಮನಿ’ (ಜರ್ಮನಿಯಲ್ಲಿ ಹೇಳುವ ಹಾಗೆ) ಅನ್ನುವ ಆ ದನಿ ನಟ ಜೆಫ್ರಿ ಪಾಮರ್ ಅವರದು. ಇನ್ನೊಂದು, 1990ರ ದಶಕದ ಅಮೆರಿಕದ ಶೆವ್ರೊಲೆ ಟ್ರಕ್ ಸರಣಿ. ಗಾಯಕ ಬಾಬ್ ಸೀಗರ್ ಹಾಡಿನ ಜೊತೆ ಬರುತ್ತಿತ್ತು. ಅದರ ದನಿ ಅಮೆರಿಕದ ನಟ ಜೇಮ್ಸ್ ಕೋಬರ್ನ್ ಅವರದು.

ಪಾಮರ್ ವಿಷಯದಲ್ಲಿ ಕಿವಿ ಕೂಡಲೇ ಗೆದ್ದಿತು. ಆ ಮನುಷ್ಯನ ಮಾತು ವಾಕ್ಯದ ಕೊನೆಗೆ ಬಂದಾಗ ಸುಸ್ತಾದವರಂತೆ ಕೆಳಗಿಳಿಯುತ್ತದೆ. ಖುಷಿಯ ವಿಷಯ ಹೇಳಿದರೂ ಏನೋ ಬೇಜಾರಿನ ಸುದ್ದಿ ಕೊಟ್ಟಂತೆ ಇರುತ್ತದೆ. ನಟಿ ಜೂಡಿ ಡೆಂಚ್ ಜೊತೆ ಅವರು 1992ರಿಂದ ಮಾಡಿದ ಬಿಬಿಸಿ ಹಾಸ್ಯ ಧಾರಾವಾಹಿಯ ಒಂದು ಸಂಭಾಷಣೆ ತೆಗೆದು ಜಾಹೀರಾತಿನ ಕೆಳಗೆ ಇಟ್ಟೆ. ಅದೇ ಇಳಿಜಾರು. ‘ಜರ್ಮನಿ’ ಅನ್ನುವಲ್ಲಿ ಕೊನೆಯ ಸ್ವರ ಹೇಗೆ ಸಪ್ಪೆಯಾಗಿ ಬಿಡುತ್ತದೋ ಧಾರಾವಾಹಿಯಲ್ಲೂ ಹಾಗೇ.

ನನ್ನ ವಿಧಾನ ಇಷ್ಟೇ. ಆಡಾಸಿಟಿಯಲ್ಲಿ ಜಾಹೀರಾತು ಒಂದು ಟ್ರ್ಯಾಕ್, ನಟನ ಗೊತ್ತಿರುವ ಮಾತು ಇನ್ನೊಂದು ಟ್ರ್ಯಾಕ್. ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತರುತ್ತೇನೆ. ಆಮೇಲೆ ಚೆನ್ನಾಗಿರುವ ಕ್ಲಿಪ್ಪನ್ನು ಬೇಕಂತಲೇ ಮಂಕು ಮಾಡುತ್ತೇನೆ. ಲೋ ಪಾಸ್ ಫಿಲ್ಟರ್ ಹಾಕಿ ಸುಮಾರು 5000 ಹರ್ಟ್ಸ್‌ಗಿಂತ (ಸೆಕೆಂಡಿಗೆ ಇಷ್ಟು ಕಂಪನ ಅನ್ನುವ ಲೆಕ್ಕ) ಮೇಲಿನ ತೀಕ್ಷ್ಣ ಸದ್ದನ್ನು ಕತ್ತರಿಸಿದರೆ ಅದೂ ಹಳೇ ಟೇಪಿನಂತೆ ಕೇಳುತ್ತದೆ. ಇದನ್ನು ಮಾಡದಿದ್ದರೆ ಕಿವಿ ಮನುಷ್ಯನನ್ನು ಬಿಟ್ಟು ಮೈಕನ್ನು ಹೋಲಿಸಲು ಶುರುಮಾಡುತ್ತದೆ. ನಂತರ ಒಂದು ಟ್ರ್ಯಾಕ್ ಮಾತ್ರ ಕೇಳಿಸುವ ಸೋಲೋ ಬಟನ್ ಒತ್ತುತ್ತಾ ಆ ಕಡೆ ಈ ಕಡೆ ಹೋಗುವುದು. ‘ಸ’ಕಾರ ಹೇಗೆ ಬರುತ್ತದೆ, ಉಸಿರು ಎಲ್ಲಿ ತಗೋತಾರೆ, ಯಾವ ಪದದ ಮುಂಚೆ ತಡೆಯುತ್ತಾರೆ, ಇಷ್ಟು ಕೇಳಿದರೆ ಸಾಕು.

ಆನ್‌ಲೈನ್ ಸೇವೆ ಇದೇ ಪಾಮರ್‌ಗೆ ಕಡಿಮೆ ಅಂಕ ಕೊಟ್ಟು, ಅದೇ ವಯಸ್ಸಿನ ಇನ್ನೊಬ್ಬ ಬ್ರಿಟಿಷ್ ನಟನನ್ನು ಮೇಲಕ್ಕೆ ಹಾಕಿತು. ಜಾಹೀರಾತಿನಲ್ಲಿ ಸ್ವಚ್ಛವಾಗಿ ಸಿಗೋದು ಒಂದೆರಡು ವಾಕ್ಯ. ಉಳಿದ ಕಡೆ ಸಂಗೀತ, ಎಂಜಿನ್ ಸದ್ದು. ಅಷ್ಟರಲ್ಲಿ ಯಂತ್ರ ಏನು ಮಾಡೀತು.

ಆದರೆ ನನ್ನನ್ನು ನಿಜವಾಗಿ ಸತಾಯಿಸಿದ್ದು ಕೋಬರ್ನ್. ಅವರದು ಮರೆಯೋ ದನಿಯಲ್ಲ. ಎದೆಯ ಆಳದಿಂದ ಬರುವ ಗೊಗ್ಗರು ದನಿ, ಅವಸರವೇ ಇಲ್ಲ. ಹೋಲಿಕೆಗೆ 1963ರ ‘ದ ಗ್ರೇಟ್ ಎಸ್ಕೇಪ್’ ಬೇಡ ಅಂತ ಮೊದಲೇ ಬಿಟ್ಟೆ. ಅದರಲ್ಲಿ ಅವರು ಆಸ್ಟ್ರೇಲಿಯಾದವನ ಪಾತ್ರ ಮಾಡಿದ್ದಾರೆ, ಉಚ್ಚಾರಣೆಯೇ ಬೇರೆ. ವಯಸ್ಸೂ ಆಗ ಮೂವತ್ತೈದರ ಒಳಗೆ. ಜಾಹೀರಾತಿನ ಕಾಲಕ್ಕೆ ಅರವತ್ತು ದಾಟಿತ್ತು. ಅದಕ್ಕೆ 2001ರ ಆ್ಯನಿಮೇಶನ್ ಸಿನಿಮಾ ‘ಮಾನ್‌ಸ್ಟರ್ಸ್, ಇಂಕ್.’ ತಗೊಂಡೆ. ಅದರಲ್ಲಿ ಕಂಪನಿಯ ಯಜಮಾನ ವಾಟರ್‌ನೂಸ್‌ಗೆ ಅವರದೇ ದನಿ. ನನ್ನ ತಮ್ಮ ಲಂಡನ್ನಿನಿಂದ ತಂದ ಡಿವಿಡಿ ಮನೆಯಲ್ಲೇ ಇತ್ತು.

ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ಒಂದಕ್ಕೊಂದು ಹೊಂದಲೇ ಇಲ್ಲ. ಮಾತಿನ ಧಾಟಿ ಅವರದೇ, ತಡೆದು ತಡೆದು ಹೇಳುವ ರೀತಿಯೂ ಅವರದೇ. ದನಿ ಮಾತ್ರ ಸ್ವಲ್ಪ ತೆಳ್ಳಗೆ, ಅವರ ತಮ್ಮ ಯಾರೋ ಮಾತಾಡಿದ ಹಾಗೆ. ಸೇವೆಗೆ ಹಾಕಿದರೆ ‘ಬೇರೆ ವ್ಯಕ್ತಿ’ ಅಂತ ಬಂತು. ಅವರ ಸಹಾಯವಾಣಿಗೆ ಬರೆದರೆ ‘ಇನ್ನೂ ಒಳ್ಳೆಯ ಸ್ಯಾಂಪಲ್ ಹಾಕಿ’ ಅನ್ನುವ ಒಂದು ಸಾಲು. ಅದಕ್ಕಿಂತ ಒಳ್ಳೆಯ ಸ್ಯಾಂಪಲ್ ಎಲ್ಲಿಂದ ತರೋದು?

ಕಾರಣ ಸಿಕ್ಕಿದ್ದು ಡಿವಿಡಿ ಪ್ಲೇಯರ್‌ನ ಗಡಿಯಾರದಲ್ಲಿ. 92 ನಿಮಿಷದ ಸಿನಿಮಾ 88ಕ್ಕೆ ಮುಗಿಯುತ್ತಿತ್ತು. ಒಂದು ದೃಶ್ಯವೂ ಕತ್ತರಿಸಿಲ್ಲ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಬ್ರಿಟನ್, ಭಾರತದಂಥ ದೇಶಗಳ ಟೀವಿ ಪ್ರಸಾರದ್ದು ಪಾಲ್ ಅನ್ನುವ ಪದ್ಧತಿ, ಅದಕ್ಕೆ ಬೇಕಾದ್ದು 25. ಅದಕ್ಕೆ ಸುಲಭದ ದಾರಿ ಅಂತ ಇಡೀ ಸಿನಿಮಾವನ್ನೇ ಸುಮಾರು ನಾಲ್ಕು ಪರ್ಸೆಂಟ್ ಜೋರಾಗಿ ಓಡಿಸುತ್ತಿದ್ದರು. ದನಿಯೂ ಜೊತೆಗೇ ಮೇಲೇರುತ್ತದೆ. 100 ಹರ್ಟ್ಸ್ ದನಿ 104 ಆಗುತ್ತದೆ, ಸಂಗೀತದ ಲೆಕ್ಕದಲ್ಲಿ ಅರ್ಧ ಸ್ವರಕ್ಕಿಂತ ಸ್ವಲ್ಪ ಕಮ್ಮಿ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಗಂಟಲು, ಬಾಯಿ, ಮೂಗಿನ ಆಕಾರದಿಂದ ಬರುವ ಮೊಳಗೂ ಅಷ್ಟೇ ಮೇಲಕ್ಕೆ ಸರಿಯುತ್ತದೆ. ಒಬ್ಬರ ದನಿಯ ಗುರುತೇ ಅದು. ಅದು ಸರಿದರೆ ದೊಡ್ಡ ಆಳು ಚಿಕ್ಕ ಆಳಾಗಿ ಕೇಳಿಸುತ್ತಾನೆ.

ಅಮೆರಿಕದ ಟೀವಿಯಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಸೆಕೆಂಡಿಗೆ ಸುಮಾರು 30 ಫ್ರೇಮ್ ಬೇಕಾದ್ದರಿಂದ ಓಟ ಜಾಸ್ತಿ ಮಾಡದೆ ಕೆಲವು ಫ್ರೇಮುಗಳನ್ನೇ ಮತ್ತೆ ತೋರಿಸುತ್ತಾರೆ. ಹಾಗಾಗಿ ಶೆವ್ರೊಲೆ ಜಾಹೀರಾತಿನಲ್ಲಿ ಕೋಬರ್ನ್ ಇದ್ದಂತೆ ಇದ್ದಾರೆ, ಲಂಡನ್ನಿನ ಡಿವಿಡಿಯಲ್ಲಿ ಅವಸರದಲ್ಲಿದ್ದಾರೆ. ಆಡಾಸಿಟಿಯಲ್ಲಿ ಸ್ಪೀಡ್ ಮತ್ತು ಪಿಚ್ (ಶ್ರುತಿ) ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆ ಇದೆ. ಅಲ್ಲಿ 0.96 ಅಂತ ಬರೆದು ಒತ್ತಿದೆ. ದನಿ ಕೆಳಗಿಳಿದು ಕೂತಿತು. ಎರಡೂ ಒಬ್ಬರೇ ಅನ್ನಲು ಆಮೇಲೆ ಯಾರೂ ಬೇಕಾಗಲಿಲ್ಲ. ಸರಿಮಾಡಿದ ಕ್ಲಿಪ್ಪನ್ನೇ ಸೇವೆಗೆ ಹಾಕಿದಾಗ ಅದರ ಅಂಕವೂ ಏರಿತು, ಅದನ್ನು ಹೇಳಲೇಬೇಕು. ಆದರೆ ದುಡ್ಡು ತಗೊಂಡವರು ‘ನಿಮ್ಮ ಕ್ಲಿಪ್ ಜೋರಾಗಿ ಓಡುತ್ತಿರಬಹುದು’ ಅಂತ ಒಂದು ಎಚ್ಚರಿಕೆಯನ್ನಾದರೂ ತೋರಿಸಬೇಕಿತ್ತು. ಹಳೇ ರೆಕಾರ್ಡಿಂಗ್ ಹಿಡಿದು ಬರುವವರಿಗೆ ಮೊದಲು ಎದುರಾಗುವ ತೊಡಕೇ ಇದು.

ಇನ್ನು ಕಾಗದ, ಅಂದರೆ ಹಳೇ ದಾಖಲೆ. ನಿಧಾನ, ಆದರೆ ಕೊನೇ ಮಾತು ಅದರದ್ದೇ. ಪಾಮರ್ 2020ರಲ್ಲಿ ತೀರಿಕೊಂಡಾಗ ಬ್ರಿಟನ್ನಿನ ಮಾಧ್ಯಮಗಳು ಬರೆದ ನಿಧನ ವಾರ್ತೆಗಳಲ್ಲಿ ಆಡಿಯ ಪ್ರಸ್ತಾಪ ಇತ್ತು. ನಟರ ನಿಧನ ವಾರ್ತೆಗಳನ್ನು ಪೂರ್ತಿ ಓದಿ, ಇಂಥ ವಿವರ ಅಲ್ಲೇ ಸಿಗೋದು. ಅಮೆರಿಕದ ಹಳೇ ಜಾಹೀರಾತುಗಳಿಗೆ ಡ್ಯೂಕ್ ವಿಶ್ವವಿದ್ಯಾಲಯದ ಆ್ಯಡ್‌ವ್ಯೂಸ್ ಸಂಗ್ರಹ ಇದೆ. ಬ್ರಿಟನ್ನಿಗೆ ನಾರ್ಫೋಕ್‌ನ ಹಿಸ್ಟರಿ ಆಫ್ ಅಡ್ವರ್ಟೈಸಿಂಗ್ ಟ್ರಸ್ಟ್ ಇದೆ.

ಕಾಗದ ಯಾಕೆ ಬೇಕು ಅನ್ನುವವರು ಅಮೆರಿಕದ ಗಾಯಕಿ ಬೆಟ್ ಮಿಡ್ಲರ್ ಮೊಕದ್ದಮೆ ನೆನಪಿಟ್ಟುಕೊಳ್ಳಬೇಕು. 1980ರ ದಶಕದ ನಡುವೆ ಫೋರ್ಡ್ ಕಂಪನಿಯ ಮರ್ಕ್ಯುರಿ ಸೇಬಲ್ ಕಾರಿನ ಜಾಹೀರಾತಿಗೆ ಹಾಡಲು ಏಜೆನ್ಸಿ ಮಿಡ್ಲರ್ ಅವರನ್ನು ಕೇಳಿತು. ಅವರು ಒಪ್ಪಲಿಲ್ಲ. ಆಗ ಹಿಂದೆ ಅವರ ಜೊತೆ ಹಾಡುತ್ತಿದ್ದ ಉಲಾ ಹೆಡ್ವಿಗ್ ಅವರಿಂದ ಅದೇ ದನಿಯಲ್ಲಿ ಹಾಡಿಸಿದರು. ಮಿಡ್ಲರ್ ಅವರನ್ನು ಬಲ್ಲವರೇ ಅವರದೇ ದನಿ ಅಂದುಕೊಂಡರು. 1988ರಲ್ಲಿ ಮೇಲ್ಮನವಿ ಕೋರ್ಟು ಮಿಡ್ಲರ್ ಪರ ನಿಂತಿತು, ಆಮೇಲೆ ಅವರಿಗೆ 4 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. ಆ ಹಾಡಿನ ಮುಂದೆ ನನ್ನ ಕಿವಿ, ಹೆಡ್‌ಫೋನ್, ಸೇವೆಯ ಅಂಕ ಯಾವುದನ್ನೂ ನಾನು ನಂಬುವುದಿಲ್ಲ.

ಕಿವಿಗೆ ಇನ್ನೊಂದು ಮಿತಿ ಇದೆ. ನಮ್ಮ ಮೆಟ್ರೋದಲ್ಲಿ ಅಪರ್ಣಾ ಅವರ ದನಿ ಬಂದರೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ವರ್ಷಗಟ್ಟಲೆ ಕೇಳಿದ್ದೇವೆ. ಅಮೆರಿಕದ ನಟರ ಜೊತೆ ನಮಗೆ ಆ ಬಳಕೆ ಇರುವುದಿಲ್ಲ. ಯಾರಿರಬಹುದು ಅಂತ ಒಂದು ಹೆಸರೂ ಹೊಳೆಯದಿದ್ದಾಗ ಹೋಲಿಸಲು ಏನೂ ಇರಲ್ಲ. ನೂರಾರು ದನಿಗಳನ್ನು ಜಾಲಾಡಿ ನಾಲ್ಕು ಹೆಸರು ಮುಂದಿಡುವ ಕೆಲಸಕ್ಕೆ ಮಾತ್ರ ಸೇವೆ ಒಳ್ಳೆಯದು.

ನಾನು ಇದನ್ನು ಮಾಡೋದು ರಾತ್ರಿ ಊಟ ಆದ ಮೇಲೆ, ಹಳೇ ಲ್ಯಾಪ್‌ಟಾಪ್‌ನಲ್ಲಿ, ಇದಕ್ಕಂತ ತಿಂಗಳ ಖರ್ಚು ಇಟ್ಟುಕೊಳ್ಳದೆ. ನನಗೆ ಹೆಡ್‌ಫೋನ್ ಮತ್ತು ಆಡಾಸಿಟಿ ಮೊದಲು, ಖಚಿತ ಮಾಡಿಕೊಳ್ಳಲು ಕಾಗದ. ನಿಮ್ಮ ಹತ್ತಿರ ಹತ್ತಾರು ಗುರುತಿಲ್ಲದ ಕ್ಲಿಪ್ಪುಗಳಿದ್ದರೆ ಸೇವೆಗೆ ಒಂದು ತಿಂಗಳ ಮಟ್ಟಿಗೆ ಸೇರಿ, ಎಲ್ಲವನ್ನೂ ಒಟ್ಟಿಗೆ ಹಾಕಿ, ಆಟೋ ರಿನ್ಯೂವಲ್ ಅವತ್ತೇ ತೆಗೆದುಬಿಡಿ. ಹಾಕುವ ಮುಂಚೆ ಸಿನಿಮಾದ ಅವಧಿ ಮಾತ್ರ ನೋಡಿಕೊಳ್ಳಿ.