ಮಂಡಿಪೇಟೆಯ ಬೈಂಡಿಂಗ್ ಅಂಗಡಿ: ಬೈಬಲ್ಲಿಗೂ ಕಿಟ್ಟೆಲ್ಲಿಗೂ ಹೊಸ ಬೆನ್ನು

ದಾವಣಗೆರೆಯಲ್ಲಿ ದಾರ ಹಾಕಿ ಹೊಲಿಯುವ ಬೈಂಡಿಂಗ್ ಮಾಡುವವರು ಇನ್ನೂ ಇದ್ದಾರಾ ಅಂತ ಕೇಳುವವರಿಗೆ ಇದು. ಇದ್ದಾರೆ. ಮಂಡಿಪೇಟೆ ಕಡೆಯ ಓಣಿಯಲ್ಲಿ ಬೋರ್ಡೂ ಇಲ್ಲದ ಸಣ್ಣ ಅಂಗಡಿ. ಕೆಲಸ ಚೆನ್ನಾಗಿದೆ, ಟೈಮ್ ವಿಷಯ ಮಾತ್ರ ಕೇಳಬೇಡಿ.

ನಾನು ಒಂದು ಕ್ರೈಸ್ತ ಕಾಲೇಜಿನಲ್ಲಿ ಚಾಪ್ಲೇನ್, ಅಂದರೆ ಕಾಲೇಜಿನ ಪಾದ್ರಿ, ಜೊತೆಗೆ ಕನ್ನಡ ಮೇಷ್ಟ್ರು. ಬೆಳಗ್ಗೆ ಚಾಪೆಲ್‌ನಲ್ಲಿ ಪ್ರಾರ್ಥನೆ, ಆಮೇಲೆ ಡಿಗ್ರಿ ಹುಡುಗರಿಗೆ ಪಾಠ, ಸಂಜೆ ಹಾಸ್ಟೆಲ್, ನಡುವೆ ಯಾರದ್ದೋ ಅಪ್ಪನಿಗೆ ಹುಷಾರಿಲ್ಲ ಅಂದರೆ ಆಸ್ಪತ್ರೆ. ಎಲ್ಲ ಕಡೆ ಅದೇ ಬೈಬಲ್, ಅದೇ ಬ್ಯಾಗಿನಲ್ಲಿ, ಇಂಟರ್ನಲ್ಸ್ ಪೇಪರ್ ಕಟ್ಟು ಮತ್ತು ಟಿಫನ್ ಡಬ್ಬಿಯ ನಡುವೆ. ಬೆನ್ನು ಮುರಿಯದೆ ಇರುತ್ತಾ? ಮುರಿದದ್ದು ಕೀರ್ತನೆಗಳ ಹತ್ತಿರ. ಪುಸ್ತಕದ ನಡುಭಾಗ ಅದೇ ಅಲ್ವಾ, ಸಾವಿನ ಮನೆಯಲ್ಲಾಗಲಿ ಪರೀಕ್ಷೆ ಹಿಂದಿನ ದಿನವಾಗಲಿ ಜಾಸ್ತಿ ತೆಗೆಯುವುದೂ ಅದನ್ನೇ. 176 ವಚನಗಳ 119ನೇ ಕೀರ್ತನೆ ಪೂರ್ತಿ ಕಳಚಿ ಕೈಗೆ ಬಂದಿತ್ತು.

ಬೇರೆ ಕಡೆ ಕೇಳಿದ್ದಕ್ಕೆ ಗಮ್ ಬೈಂಡಿಂಗ್ ಮಾಡಿಕೊಡ್ತೀವಿ ಅಂದರು. ಅಂದರೆ ಬೆನ್ನಿನ ಮಡಿಕೆ ಕತ್ತರಿಸಿ, ಹಾಳೆಗಳನ್ನು ಬಿಡಿ ಮಾಡಿ, ಅಂಟು ಹಾಕುವುದು. ಬೈಬಲ್ ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳು, ಅದೂ ನಮ್ಮೂರ ಏಪ್ರಿಲ್ ಬಿಸಿಲು, ಎಷ್ಟು ದಿನ ತಡೆದೀತು! ಈ ಅಂಗಡಿಯ ಯಜಮಾನರು ಹಾಗೆ ಮಾಡಲಿಲ್ಲ. ಹಳೇ ಅಂಟು ಕೆರೆದು ಫಾರಂಗಳನ್ನು, ಅಂದರೆ ಒಟ್ಟಿಗೆ ಮಡಿಸಿದ ಹಾಳೆಗಳ ಕಟ್ಟುಗಳನ್ನು, ಬಿಡಿಸಿದರು. ಹರಿದ ಮಡಿಕೆಗೆಲ್ಲ ತೆಳು ಕಾಗದದ ಪಟ್ಟಿ ಹಚ್ಚಿದರು. ಆಮೇಲೆ ದಾರಕ್ಕೆ ಮೇಣ ಸವರಿ ಒಂದೊಂದೇ ಫಾರಂ ಹೊಲಿದರು. ಅಂಚಿಗೆ ಕಟಿಂಗ್ ಮೆಷಿನ್ ತಾಗಿಸಲಿಲ್ಲ, ನನಗೆ ಅದೇ ದೊಡ್ಡದು, ಯಾಕಂದ್ರೆ ನನ್ನ ಪೆನ್ಸಿಲ್ ಟಿಪ್ಪಣಿಗಳೆಲ್ಲ ಅಂಚಿನಲ್ಲೇ ಇವೆ. ಈಗ ಎಲ್ಲಿ ತೆರೆದರೂ ಮಟ್ಟಸವಾಗಿ ನಿಲ್ಲುತ್ತದೆ. ಫ್ಯಾನ್ ಕೆಳಗೆ ನಿಂತು, ಒಂದು ಕೈಯಲ್ಲಿ ಮೈಕ್ ಹಿಡಿದು ಓದುವವರಿಗೆ ಇದರ ಬೆಲೆ ಗೊತ್ತು.

ಧೈರ್ಯ ಬಂದು ನಮ್ಮ ವಿಭಾಗದ ಕಿಟ್ಟೆಲ್ ನಿಘಂಟನ್ನೂ ಕೊಟ್ಟೆ. ಮರುಮುದ್ರಣವೇ, ಆದರೂ ಭಾರ ಕೇಳಬೇಡಿ. ಪಾದ್ರಿಗೆ ಪಾಠದ ಕೆಲಸ ಯಾಕೆ ಅಂತ ಕೆಲವರು ಕೇಳುತ್ತಾರೆ. ಬಾಸೆಲ್ ಮಿಷನ್ನಿಗೆ ಅಂತ ಬಂದ ಪಾದ್ರಿ ಕಿಟ್ಟೆಲ್ 1894ರಲ್ಲಿ ಈ ನಿಘಂಟು ತಂದದ್ದನ್ನು ಅವರಿಗೆ ತೋರಿಸಿ ಸುಮ್ನಾಗುತ್ತೇನೆ. ಇದರಲ್ಲಿ ಮಾತ್ರ ಕೆಲಸ ಅಷ್ಟಕ್ಕಷ್ಟೆ. ಹೊಲಿಗೆ ಗಟ್ಟಿ, ಆದರೆ ರಟ್ಟು ತೆಳು, ಮೇಲಿನದು ಆಗಲೇ ಬಾಗಿದೆ. ದಪ್ಪ ಪುಸ್ತಕವಾದರೆ ದಪ್ಪ ರಟ್ಟು ಬೇಕು ಅಂತ ಮೊದಲೇ ಒತ್ತಿ ಹೇಳಿ. ಬೆನ್ನಿನ ಮೇಲಿನ ಬಂಗಾರದ ಅಕ್ಷರಗಳೂ ಸೊಟ್ಟಗಿವೆ, ಹುಡುಗರು ನೋಡಿ ನಗುತ್ತಾರೆ.

ಇನ್ನು ಟೈಮ್. ಆಗಮನ ಕಾಲದ ಮೊದಲ ಭಾನುವಾರಕ್ಕೆ, ಅಂದರೆ ಕ್ರಿಸ್‌ಮಸ್‌ಗೆ ನಾಲ್ಕು ಭಾನುವಾರ ಮೊದಲು, ಬೈಬಲ್ ಬೇಕು ಅಂದಿದ್ದೆ. ಸಿಕ್ಕಿದ್ದು ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡುಗಳ, ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ. ಅಲ್ಲಿವರೆಗೂ ಮೊಬೈಲ್ ನೋಡಿ ಓದಿದೆ. ನಡುವೆ ಒಂದು ವಾಟ್ಸಾಪ್ ಮೆಸೇಜ್ ಬಂದು ಎಲ್ಲರಿಗೂ ಕೇಳಿಸಿತು.

ಬೈಬಲ್ಲಿಗೆ 350 ರೂಪಾಯಿ, ನಿಘಂಟಿಗೆ 600. ಕೈಕೆಲಸಕ್ಕೆ ಇದು ಜಾಸ್ತಿ ಅಲ್ಲ. ಪ್ರಾಜೆಕ್ಟ್ ರಿಪೋರ್ಟ್ ಸೀಸನ್ನಿನಲ್ಲಿ ಹೋಗಬೇಡಿ, ನಿಮ್ಮ ಪುಸ್ತಕ ಮುಟ್ಟುವುದೂ ಇಲ್ಲ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ. ಗಾಡಿ ಮೇನ್ ರೋಡಿನಲ್ಲೇ ನಿಲ್ಲಿಸಿ, ಓಣಿಯೊಳಗೆ ತಿರುಗಿಸಲು ಜಾಗ ಇಲ್ಲ.